ತೆಕ್ಕಟ್ಟೆಯಲ್ಲೊಂದು ಬಿರುಕು, ಅದಕ್ಕೊಂದು ಹೊಯಿಗೆ ಕಣ

ಉಡುಪಿಯಲ್ಲಿ ಕುಂದಾಪುರದ ಬಸ್ಸು ಹತ್ತಿ, ಬ್ರಹ್ಮಾವರ ದಾಟಿ, ಮಾಬುಕಳದ ಸೇತುವೆಯ ಮೇಲೆ ಸೀತಾನದಿಯ ಗಾಳಿಯನ್ನೊಮ್ಮೆ ಮುಖಕ್ಕೆ ಹೊಡೆಸಿಕೊಂಡು, ಸಾಲಿಗ್ರಾಮ, ಕೋಟ ಕಳೆದರೆ ಮುಂದಿನದು ತೆಕ್ಕಟ್ಟೆ. ಆನೆಗುಡ್ಡೆಯ ವಿನಾಯಕನಿಗೆ ಹೋಗುವವರು ಇಲ್ಲಿ ಇಳಿಯುವುದಿಲ್ಲ, ಅವರದು ಮುಂದಿನ ಕುಂಭಾಸಿ. ಕೋಟೇಶ್ವರದ ಕೊಡಿಹಬ್ಬಕ್ಕೆ ಹೋಗುವವರೂ ಇಳಿಯುವುದಿಲ್ಲ. ಹಾಗಾಗಿ ತೆಕ್ಕಟ್ಟೆಯಲ್ಲಿ ಇಳಿಯುವವರು ಒಂದೋ ಆ ಊರಿನವರು, ಇಲ್ಲವೇ ಆ ಊರಿನ ನೆಂಟರು. ನಾನು ಎರಡನೆಯ ಗುಂಪಿನವನು. ನನ್ನ ಅಕ್ಕನನ್ನು ಕೊಟ್ಟದ್ದು ಇಲ್ಲಿಗೆ. ಹೆದ್ದಾರಿಯ ಪಡುಬದಿಯಲ್ಲಿ ಕೊಮೆಯ ಕಡಲು, ಮೂಡುಬದಿಯಲ್ಲಿ ಮಲ್ಯಾಡಿ, ಕೆದೂರಿನ ಗದ್ದೆಬಯಲು. ಅಕ್ಕನ ಮನೆ ಮೂಡುಬದಿಯದು.

ಆಗೆಲ್ಲ ಹದಿನೇಳು ಎಂದು ಕರೆಸಿಕೊಳ್ಳುತ್ತಿದ್ದ ಹೆದ್ದಾರಿ ಈಗ ಅರವತ್ತಾರಾಗಿ, ನಾಲ್ಕು ಪಥವಾಗಿ, ದಾಟುವುದೇ ಒಂದು ಸಾಹಸ. ಅಂತೂ ದಾಟಿ ಮನೆ ಮುಟ್ಟಿದರೆ ಭಾವ ಬಾವಿಕಟ್ಟೆಯ ಮೇಲೆ ಕೂತಿದ್ದರು. ಕುಡಿಯಲಿಕ್ಕೆ ಬೆಲ್ಲ, ನೀರು ಕೊಡುವ ಮೊದಲೇ ದೂರು ಬಂತು.

“ಹ್ವಾಯ್ ಮಾಷ್ಟ್ರೇ, ಈ ವರ್ಷ ಬೋರಿನ ನೀರ್ ಮತ್ತೆ ಕಮ್ಮಿ ಆಯ್ತ್ ಕಾಣಿ.”

ಈ ದೂರಿಗೆ ನಾನೂ ಅರ್ಧ ಹೊಣೆ. ಕಳೆದ ವರ್ಷ ಏಪ್ರಿಲಿನಲ್ಲಿ ಅವರ ಕೊಳವೆಬಾವಿ ಬತ್ತುವ ಹಂತಕ್ಕೆ ಬಂದಾಗ, ಹೊಸದಾಗಿ ಇನ್ನೊಂದು ಕೊರೆಸುವ ಬದಲು ಇದ್ದದ್ದಕ್ಕೇ ಹೈಡ್ರೋ ಫ್ರ್ಯಾಕ್ಚರಿಂಗ್ ಮಾಡಿಸಿ ಎಂದು ಧೈರ್ಯ ಹೇಳಿದವನು ನಾನೇ. ವಿಜ್ಞಾನದ ಮಾಷ್ಟ್ರು ಹೇಳಿದ ಮೇಲೆ ಆಗುತ್ತದೆ ಎಂದು ಅವರು ದುಡ್ಡು ಹಾಕಿದ್ದರು. ಅಡಿಕೆ ತೋಟಕ್ಕೆ ನೀರು ಬೇಕು, ಮನೆಗೆ ಬೇಕು, ಕೊಟ್ಟಿಗೆಗೆ ಬೇಕು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಜಿಲ್ಲೆಯಲ್ಲಿ ಏಪ್ರಿಲ್ ಬಂತೆಂದರೆ ಕೊಡ ಹಿಡಿದು ನಿಲ್ಲಬೇಕು. ಘಟ್ಟದ ಮೇಲಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ.

ನಮ್ಮ ನೆಲದ ಕಟ್ಟಾಣಿಕೆಯೇ ಹಾಗೆ. ಮೇಲೆ ತೂತುತೂತಿನ ಮುರಕಲ್ಲು, ಅದರಡಿ ಮೆತ್ತನೆಯ ಶೇಡಿಮಣ್ಣು, ಅದರಡಿ ಕಗ್ಗಲ್ಲು. ಮಳೆಯ ನೀರು ಮುರಕಲ್ಲಿನಲ್ಲಿ ಇಳಿದಷ್ಟೇ ಬೇಗ ಪಕ್ಕಕ್ಕೆ ಹರಿದು ತೋಡು, ಹೊಳೆ, ಕಡಲು ಸೇರುತ್ತದೆ. ಕೆಳಗಿನ ಕಗ್ಗಲ್ಲಿಗೆ ಸ್ವಂತ ರಂಧ್ರಗಳಿಲ್ಲ. ಅದರಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಕೊಳವೆಬಾವಿಗೆ ಬಿರುಕು ಸಿಕ್ಕಿತೋ ನೀರು, ಸಿಗಲಿಲ್ಲವೋ ಧೂಳು. ಒಂದೇ ಅಂಗಳದಲ್ಲಿ ಹತ್ತು ಅಡಿ ಆಚೀಚೆ ಕೊರೆದ ಎರಡು ಬಾವಿಗಳ ಹಣೆಬರಹ ಬೇರೆ ಬೇರೆ ಆಗುವುದು ಇದರಿಂದಲೇ.

ಹೈಡ್ರೋ ಫ್ರ್ಯಾಕ್ಚರಿಂಗ್ ಎಂದರೆ ಬಂಡೆಯನ್ನು ನೀರಿನಿಂದಲೇ ಸೀಳುವುದು. ನಮ್ಮ ದೇಶದ ಗಟ್ಟಿಕಲ್ಲಿನ ಸೀಮೆಗಳಲ್ಲಿ 1980ರ ದಶಕದಿಂದಲೂ ಇದು ಬಳಕೆಯಲ್ಲಿದೆ. ಕಳೆದ ವರ್ಷ ಬಂದ ಲಾರಿಯಲ್ಲಿ ಒಂದು ನೀರಿನ ಟ್ಯಾಂಕು, ಒಂದು ದೊಡ್ಡ ಪಂಪು, ಕಬ್ಬಿಣದ ಪೈಪುಗಳ ರಾಶಿ ಮತ್ತು ರಬ್ಬರಿನ ಒಂದು ಉದ್ದದ ಬಿರಡೆ ಇದ್ದವು. ಆ ಬಿರಡೆಯನ್ನು ಪೈಪಿನ ತುದಿಗೆ ಕಟ್ಟಿ, ಕೇಸಿಂಗ್ ಮುಗಿದು ಬಂಡೆ ಶುರುವಾದ ಮೇಲೂ ಸಾಕಷ್ಟು ಕೆಳಗೆ ಇಳಿಸಿ, ಉಬ್ಬಿಸಿ, ಬಾವಿಯನ್ನು ಬಾಟಲಿಯಂತೆ ಮುಚ್ಚಿದರು. ಬಿರಡೆಯ ಕೆಳಗಿನ ಭಾಗಕ್ಕೆ ನೀರು ಒತ್ತತೊಡಗಿದರು. ಮಾಪಕದ ಮುಳ್ಳು ಮೂವತ್ತು, ಐವತ್ತು, ಎಂಬತ್ತು ಎಂದು ಏರಿ, ಚದರ ಸೆಂಟಿಮೀಟರಿಗೆ ತೊಂಬತ್ತು ಕಿಲೋ ದಾಟಿದ್ದೇ ಸರಕ್ಕನೆ ಕೆಳಗಿಳಿಯಿತು. ನೆಲದಡಿಯಿಂದ ಸದ್ದೂ ಇಲ್ಲ, ನಡುಕವೂ ಇಲ್ಲ. ಮುಳ್ಳು ಬಿದ್ದದ್ದೊಂದೇ ಸಾಕ್ಷಿ. ಎಲ್ಲೋ ಒಂದು ಹಳೆಯ ಬಿರುಕು ಬಾಯಿ ಬಿಟ್ಟಿತ್ತು.

ಆವತ್ತು ನಾನು ಲೆಕ್ಕ ಇಟ್ಟಿದ್ದೆ. ಒಂದು ಗಂಟೆ ಪಂಪು ಓಡಿಸಿ, ಬಾವಿಯ ಮಟ್ಟ ಇಳಿದ ಮೇಲೆ, 20 ಲೀಟರಿನ ಬಕೆಟು ತುಂಬಲು ಎಷ್ಟು ಹೊತ್ತು ಬೇಕು ಎಂದು ಕೈಗಡಿಯಾರದಲ್ಲಿ ನೋಡುವುದು. ಸೀಳುವ ಮೊದಲು ಎರಡೂವರೆ ನಿಮಿಷ, ಸೀಳಿದ ಮೇಲೆ 50 ಸೆಕೆಂಡು. ಭಾವ ಆ ಖುಷಿಗೆ ಲಾರಿಯವರಿಗೆಲ್ಲ ಊಟ ಹಾಕಿಸಿದ್ದರು. ಈ ವರ್ಷ ಅದೇ ಬಕೆಟು, ಅದೇ ಗಡಿಯಾರ. ಒಂದು ನಿಮಿಷ ಇಪ್ಪತ್ತು ಸೆಕೆಂಡು ಹಿಡಿಯಿತು. ನಿಮಿಷಕ್ಕೆ 24 ಲೀಟರು ಇದ್ದದ್ದು 15ಕ್ಕೆ ಇಳಿದಿತ್ತು.

“ಬಿರುಕ್ ಮತ್ತೆ ಮುಚ್ಕಂತಾ?” ಎಂದು ಭಾವ ಕೇಳಿದರು. ಅವರ ಪ್ರಶ್ನೆ ನೆಟ್ಟಗೆ ಗುರಿಗೇ ತಾಗಿತ್ತು. ಎರಡು ಚಪ್ಪಟೆ ಬಂಡೆಗಳ ನಡುವೆ ಹರಿಯುವ ನೀರು ಬಿರುಕಿನ ಅಗಲದ ಘನಕ್ಕೆ ಅನುಗುಣ. ಅಗಲ ಅರ್ಧವಾದರೆ ನೀರು ಅರ್ಧವಲ್ಲ, ಎಂಟನೆಯ ಒಂದು ಪಾಲು. ಹಾಗೆ ಲೆಕ್ಕ ಹಾಕಿದರೆ ಭಾವನ ಬೋರಿನ ನೀರು ಇಷ್ಟು ಇಳಿಯಲು ಬಿರುಕು ನೂರಕ್ಕೆ ಹದಿನೈದರಷ್ಟು ಕಿರಿದಾದರೂ ಸಾಕು. ಮಳೆ ಕಡಿಮೆಯಾಗಿದ್ದೂ ಕಾರಣವಿರಬಹುದು, ಬಿರುಕಿನೊಳಗೆ ಕೆಸರು ಕೂತದ್ದೂ ಇರಬಹುದು. ಮೂರರಲ್ಲಿ ಯಾವುದೆಂದು ಮೇಲೆ ಕೂತು ಹೇಳುವಷ್ಟು ವಿದ್ಯೆ ಬಿ.ಎಸ್ಸಿ., ಬಿ.ಎಡ್.ನಲ್ಲಿ ಕಲಿಸಿಲ್ಲ.

ರಾತ್ರಿ ಸೋದರಳಿಯನ ಫೋನು ಬಂತು. ಅವನು ರಾಜಸ್ಥಾನದ ಬಾಡ್ಮೇರ್ ಕಡೆ ಅನಿಲ ಬಾವಿಗಳ ಕೆಲಸದಲ್ಲಿದ್ದಾನೆ. ಥಾರ್ ಮರುಭೂಮಿಯ ಅಡಿಯಲ್ಲಿ, ಸುಮಾರು 3000 ಮೀಟರು ಆಳದ ಅಗ್ನಿಶಿಲೆಯ ಪದರುಗಳಲ್ಲಿ ಅಡಗಿದ ಅನಿಲವನ್ನು ಅಲ್ಲಿಯ ರಾಗೇಶ್ವರಿ ಕ್ಷೇತ್ರದಲ್ಲಿ ತೆಗೆಯುತ್ತಾರೆ. ಆ ಬಂಡೆ ಎಷ್ಟು ಬಿಗಿಯೆಂದರೆ ಸೀಳದೆ ಬಿಟ್ಟರೆ ಅನಿಲ ಲಾಭಕ್ಕೆ ಬರುವಷ್ಟು ಹೊರಬರುವುದಿಲ್ಲ. ಅಪ್ಪನ ಬೋರಿನ ಕತೆ ಕೇಳಿ ಅವನು ನಕ್ಕ. “ಮಾವ, ನೀವು ಬಾಗಿಲು ತೆರೆದಿರಿ, ಅಡ್ಡ ಇಡಲಿಲ್ಲ” ಎಂದ.

ಬಿದಿರು ಸೀಳುವುದನ್ನು ನೋಡಿದವರಿಗೆ ಇದು ಗೊತ್ತು. ಕತ್ತಿ ಇಳಿಸಿದಾಗ ಬಾಯಿ ಬಿಡುತ್ತದೆ, ಕತ್ತಿ ತೆಗೆದರೆ ಮುಚ್ಚಿಕೊಳ್ಳುತ್ತದೆ. ನಡುವೆ ಒಂದು ಚಕ್ಕೆ ಇಟ್ಟರೆ ಬಿಟ್ಟ ಬಾಯಿ ಬಿಟ್ಟ ಹಾಗೇ ಇರುತ್ತದೆ. ಎಣ್ಣೆ ಬಾವಿಗಳಲ್ಲಿ ಆ ಚಕ್ಕೆಯ ಕೆಲಸ ಮಾಡುವುದು ಹೊಯಿಗೆ. ಬಂಡೆ ಸೀಳುವ ನೀರಿನಲ್ಲೇ ಹೊಯಿಗೆ ಬೆರೆಸಿ ಒತ್ತುತ್ತಾರೆ. ನೀರು ಹಿಂದೆ ಬರುತ್ತದೆ, ಹೊಯಿಗೆ ಒಳಗೇ ಉಳಿದು ಬಿರುಕನ್ನು ಎತ್ತಿ ಹಿಡಿಯುತ್ತದೆ. ಇಂಥ ಕಣಗಳಿಗೆ ಪ್ರಾಪಂಟ್ ಎಂದು ಹೆಸರು. ನಾವು ಆಸರೆಕಣ ಎನ್ನೋಣ. 1947ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಹ್ಯೂಗೋಟನ್ ಅನಿಲ ಕ್ಷೇತ್ರದಲ್ಲಿ ಇದರ ಮೊದಲ ಪ್ರಯೋಗ ನಡೆದಾಗ ಒತ್ತಿದ್ದು ನೀರನ್ನಲ್ಲ, ಗಂಜಿಯಂತೆ ಗಟ್ಟಿ ಮಾಡಿದ ಪೆಟ್ರೋಲನ್ನು! ಪ್ರಯೋಗ ಅಷ್ಟಾಗಿ ಫಲಿಸಲಿಲ್ಲ. ಆದರೂ ಎರಡೇ ವರ್ಷದಲ್ಲಿ, 1949ರ ಮಾರ್ಚಿನಲ್ಲಿ, ಒಕ್ಲಹೋಮಾ ಮತ್ತು ಟೆಕ್ಸಾಸಿನಲ್ಲಿ ಅದು ವ್ಯಾಪಾರವಾಗಿ ಶುರುವಾಯಿತು. ಆಮೇಲೆ ಹೊಯಿಗೆಯ ಬದಲು ಗಾಜಿನ ಗುಂಡು, ಅಲ್ಯೂಮಿನಿಯಂ ಗುಳಿಗೆ, ಅಕ್ರೋಟಿನ ಚಿಪ್ಪಿನ ಪುಡಿ ಎಲ್ಲವನ್ನೂ ಹಾಕಿ ನೋಡಿದರು. ನಮ್ಮ ತೆಂಗಿನ ಗೆರಟೆ ಅವರ ಕಣ್ಣಿಗೆ ಬೀಳಲಿಲ್ಲವೇನೋ. ಈಗ ಹೊಯಿಗೆಯ ಜೊತೆ ಸುಟ್ಟ ಪಿಂಗಾಣಿಯ ಗಟ್ಟಿ ಕಣಗಳೂ ಬಳಕೆಯಲ್ಲಿವೆ.

ಹಾಗಾದರೆ ಭಾವನ ಬೋರಿಗೆ ಯಾಕೆ ಹಾಕಲಿಲ್ಲ? ಮಾಮೂಲಾಗಿ ನೀರಿನ ಬಾವಿಗೆ ಹಾಕುವುದಿಲ್ಲ. ಅದಕ್ಕೆ ಕಾರಣ ಆಳ. ತೊಂಬತ್ತು ಮೀಟರು ಆಳದಲ್ಲಿ ಮೇಲಿನ ಬಂಡೆಯ ಭಾರ ಚದರ ಸೆಂಟಿಮೀಟರಿಗೆ ಸುಮಾರು 23 ಕಿಲೋ. ಮೂರು ಸಾವಿರ ಮೀಟರಿನಲ್ಲಿ ಅದು 750 ಕಿಲೋ. ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಒಂದು ದೊಡ್ಡ ಎಮ್ಮೆ ನಿಂತ ಹಾಗೆ. ಅಲ್ಲಿ ಬಿರುಕು ಆಸರೆಯಿಲ್ಲದೆ ತೆರೆದಿರುವುದು ಕಷ್ಟ. ಇಲ್ಲಿ ಹಾಗಲ್ಲ. ಕಗ್ಗಲ್ಲು ಸೀಳುವಾಗ ಎರಡು ಮುಖಗಳು ಒಂದಿಷ್ಟು ಸರಿದುಕೊಳ್ಳುತ್ತವೆ. ಒಡೆದ ಹಂಚಿನ ಎರಡು ಚೂರನ್ನು ಸ್ವಲ್ಪ ಆಚೀಚೆ ಮಾಡಿ ಜೋಡಿಸಿ ನೋಡಿ, ಉಬ್ಬಿಗೆ ಉಬ್ಬು ತಾಗಿ ನಡುವೆ ಸಂದು ಉಳಿಯುತ್ತದೆ. ಬಂಡೆ ತನಗೆ ತಾನೇ ಆಸರೆಯಾಗುತ್ತದೆ. ಹೆಚ್ಚಿನ ಬೋರುಗಳಿಗೆ ಅಷ್ಟು ಸಾಕು. ಕೆಲವು ದೇಶಗಳಲ್ಲಿ ನೀರಿನ ಬಾವಿಗೂ ಹೊಯಿಗೆ ಸೇರಿಸಿ ಒತ್ತಿದ್ದುಂಟು.

“ಹಾಗಾದ್ರೆ ಈ ಸಲ ಎರಡ್ ಬುಟ್ಟಿ ಹೊಯ್ಗಿ ಹಾಕ್ಸುವ” ಎಂದರು ಭಾವ, ಫೋನಿನ ಪಕ್ಕದಲ್ಲೇ ಕೂತು. ಅಳಿಯ ಒಪ್ಪಲಿಲ್ಲ. ಬಿರುಕಿನ ಬಾಯಿಗಿಂತ ಹೊಯಿಗೆ ದೊಡ್ಡದಾದರೆ ಅದು ಒಳಗೆ ಹೋಗದೆ ಬಾಗಿಲಲ್ಲೇ ಕಟ್ಟೆ ಕಟ್ಟುತ್ತದೆ, ಬರುವ ನೀರೂ ನಿಂತೀತು ಎಂದ. ಅಲ್ಲಿಂದ ಮಾತು ನನಗೆ ಹೊಸದಾದ ಒಂದು ಕಡೆಗೆ ತಿರುಗಿತು. ಅವನು ಈಚೆಗೆ ಓದುತ್ತಿದ್ದ ವಿಷಯ ಅದು: ಅತಿ ಸಣ್ಣ ಆಸರೆಕಣಗಳು.

ಮರುದಿನ ಬೆಳಿಗ್ಗೆ ಸೋದರಸೊಸೆಯೊಂದಿಗೆ ಮಲ್ಯಾಡಿಯ ಕಡೆ ನಡೆದೆ. ಪಿ.ಯು.ಸಿ.ಯಲ್ಲಿ ಓದುವ ಹುಡುಗಿ. ರಜೆಯಲ್ಲಿ ಮಾವ ಬಂದರೆ ಪಾಠ ತಪ್ಪದು ಎಂಬ ಬೇಸರವನ್ನು ಮರ್ಯಾದೆಯಿಂದ ಅಡಗಿಸಿಟ್ಟುಕೊಂಡಿದ್ದಳು. ಇಲ್ಲಿ ಹಂಚಿನ ಕಾರ್ಖಾನೆಗಳಿಗಾಗಿ ಗದ್ದೆಗಳಿಂದ ಆವೆಮಣ್ಣು ತೆಗೆದ ಹೊಂಡಗಳಲ್ಲಿ ನೀರು ನಿಂತು, ಜೊಂಡು ಬೆಳೆದು, ಹಕ್ಕಿಗಳು ನೆಲೆಸಿವೆ. ನೇರಳೆ ಬಣ್ಣದ ಜಂಬುಕೋಳಿಗಳು ಕೆಂಪು ಕಾಲೆತ್ತಿ ಜಂಬದಿಂದಲೇ ಓಡಾಡುತ್ತಿದ್ದವು. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿದಾಗ ಅದರ ಬೆನ್ನಿಗೆ ಇಂಥ ಹಕ್ಕಿಗಳ ಊರು ಹುಟ್ಟೀತೆಂದು ಯಾರೂ ಎಣಿಸಿರಲಾರರು. ಗದ್ದೆ ಕಳೆದುಕೊಂಡವರ ಮಾತು ಬೇರೆ, ಅವರಿಗೆ ಹಕ್ಕಿ ನೋಡಿ ಹೊಟ್ಟೆ ತುಂಬುವುದಿಲ್ಲ.

ಹೊಂಡದ ಅಂಚಿನಿಂದ ಒಂದು ಹಿಡಿ ಆವೆಮಣ್ಣು ತೆಗೆದು ಅವಳ ಕೈಗಿಟ್ಟೆ. ಬೆಣ್ಣೆಯ ಹಾಗೆ ನುಣುಪು. ಇದರ ಕಣಗಳು ಎರಡು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಐನೂರನೆಯ ಒಂದು ಪಾಲಿಗಿಂತ ಸಣ್ಣವು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನು. ಕಣ ಸಣ್ಣದಾದಂತೆ ನಡುವಿನ ಸಂದೂ ಸಣ್ಣದಾಗಿ ನೀರಿಗೆ ದಾರಿ ಇಲ್ಲವಾಗುತ್ತದೆ. ಕಣ ಹತ್ತು ಪಾಲು ಚಿಕ್ಕದಾದರೆ ನೀರು ಹರಿಯುವುದು ನೂರು ಪಾಲು ಕಷ್ಟ. ಅದಕ್ಕೇ ಹೊಂಡದ ನೀರು ಇಂಗದೆ ಬೇಸಗೆಯಲ್ಲೂ ನಿಂತಿದೆ ಎಂದು ವಿವರಿಸಿದೆ. ಹುಡುಗಿ ತಲೆಯಾಡಿಸಿ, ಒಂದು ಮುದ್ದೆ ಆವೆಮಣ್ಣನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡಳು.

ಸಂಜೆ ಹೆದ್ದಾರಿ ದಾಟಿ ಕೊಮೆಯ ಕಡಲಿಗೆ ಹೋದೆವು. ತೆಂಗಿನ ತೋಟಗಳ ನಡುವೆ ಬಲೆ ಹರಡಿ ಹೊಲಿಯುತ್ತ ಕೂತಿದ್ದರು. ಆಸರೆಕಣಗಳ ಅಳತೆಗೆ ಬಳಸುವ ಮೆಶ್ ಎಂಬ ಮಾತಿಗೆ ಇಲ್ಲಿ ಪದ ಹುಡುಕಬೇಕಿಲ್ಲ, ಬಲೆಯ ಕಣ್ಣು ಎಂದರೆ ಎಲ್ಲರಿಗೂ ಗೊತ್ತು. ಜರಡಿಯ ಒಂದು ಅಂಗುಲ ಉದ್ದದಲ್ಲಿ ಎಷ್ಟು ಕಣ್ಣು ಎಂಬುದೇ ಆ ಸಂಖ್ಯೆ. 20ರ ಜರಡಿ ದಾಟಿ 40ರಲ್ಲಿ ನಿಂತ ಹೊಯಿಗೆ ಮಿಲಿಮೀಟರಿನ ಅರ್ಧದಿಂದ ಮುಕ್ಕಾಲರ ಆಸುಪಾಸು. 100ರ ಜರಡಿಯದು ಸುಮಾರು 150 ಮೈಕ್ರಾನು. ಬಹುಕಾಲ ಇದೇ ತೀರ ಸಣ್ಣದು ಎನಿಸಿತ್ತು.

ಆದರೆ ಬಂಡೆ ಸೀಳಿದಾಗ ಆಗುವುದು ಒಂದೇ ಬಿರುಕಲ್ಲ. ದೊಡ್ಡ ಬಿರುಕಿನ ಇಕ್ಕೆಲದಲ್ಲಿ ಎಲೆಯ ನರಗಳಂತೆ ಸಾವಿರಾರು ಕಿರುಬಿರುಕುಗಳು ಬಾಯಿ ಬಿಡುತ್ತವೆ. ಅವುಗಳಲ್ಲಿ ಬಹಳಷ್ಟರ ಅಗಲ ಕೂದಲಿನಷ್ಟೇ. ಕಣ ಒಳಗೆ ಹೋಗಬೇಕಾದರೆ ಬಿರುಕು ಅದರ ಎರಡು ಮೂರು ಪಾಲು ಅಗಲವಿರಬೇಕು. ಇಲ್ಲದಿದ್ದರೆ ಕೊನೆಯ ಗಂಟೆ ಹೊಡೆದಾಗ ತರಗತಿಯ ಬಾಗಿಲಲ್ಲಿ ಮೂವರು ಹುಡುಗರು ಸಿಕ್ಕಿಕೊಂಡ ಹಾಗೆ ಆಗುತ್ತದೆ. 150 ಮೈಕ್ರಾನಿನ ಹೊಯಿಗೆಗೆ ಈ ಕಿರುಬಿರುಕುಗಳ ಬಾಗಿಲು ಮುಚ್ಚಿದ ಹಾಗೇ. ಪಂಪು ನಿಂತೊಡನೆ ಅವು ಮತ್ತೆ ಕೂಡಿಕೊಳ್ಳುತ್ತವೆ. ಅಷ್ಟು ಕಷ್ಟಪಟ್ಟು ತೆರೆದ ದಾರಿಯಲ್ಲಿ ದೊಡ್ಡ ಪಾಲು ಹೀಗೆ ವ್ಯರ್ಥ.

ಅತಿ ಸಣ್ಣ ಆಸರೆಕಣದ ವಿಚಾರ ಹುಟ್ಟಿದ್ದು ಇಲ್ಲಿ. ಮೊದಲು ಇಪ್ಪತ್ತು ಮೂವತ್ತು ಮೈಕ್ರಾನಿನ ಕಣಗಳನ್ನು ನೀರಿನಲ್ಲಿ ಬೆರೆಸಿ ಒತ್ತುವುದು. ಅವು ಕಿರುಬಿರುಕುಗಳ ಒಳಕ್ಕೆ ನುಗ್ಗಿ ಕೂರುತ್ತವೆ. ಆಮೇಲೆ ದೊಡ್ಡ ಬಿರುಕಿಗೆ ಮಾಮೂಲಿ ಹೊಯಿಗೆ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಟೆಕ್ಸಾಸಿನ ಬಾರ್ನೆಟ್, ಒಕ್ಲಹೋಮಾದ ವುಡ್‌ಫರ್ಡ್ ಶಿಲಾಪದರುಗಳಲ್ಲಿ ಇದನ್ನು ಮಾಡಿ ನೋಡಿ, ಪಕ್ಕದ ಬಾವಿಗಳಿಗಿಂತ ಹೆಚ್ಚು ಉತ್ಪಾದನೆ ಬಂತೆಂದು ವರದಿ ಮಾಡಿದ್ದಾರೆ. ಇಂಥ ವರದಿಗಳಲ್ಲಿ ಕಣ ಮಾರುವವರ, ಬಾವಿ ಸೀಳುವವರ ಕೈಯೂ ಇರುವುದರಿಂದ ನಾನಾದರೆ ಇನ್ನಷ್ಟು ಬಾವಿಗಳ, ಇನ್ನಷ್ಟು ವರ್ಷಗಳ ಲೆಕ್ಕ ನೋಡಿ ಅಂಕ ಕೊಟ್ಟೇನು. ಉಷ್ಣವಿದ್ಯುತ್ ಸ್ಥಾವರದ ಹಾರುಬೂದಿಯನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದಾರೆ. ಸೂಕ್ಷ್ಮದರ್ಶಕದಡಿ ಅದರ ಕಣಗಳು ಗಾಜಿನ ಪುಟ್ಟ ಗೋಲಿಗಳಂತೆ ದುಂಡಗೆ ಕಾಣುತ್ತವೆ. ನಮ್ಮದೇ ಜಿಲ್ಲೆಯ ಎಲ್ಲೂರಿನಲ್ಲಿ ಕಲ್ಲಿದ್ದಲು ಸುಡುವ ಸ್ಥಾವರವಿದೆ, ಹಾರುಬೂದಿ ನಮಗೆ ಹೊಸದಲ್ಲ.

ಅಷ್ಟರಲ್ಲಿ ಹುಡುಗಿ ನನ್ನನ್ನು ಹಿಡಿದಳು.

“ಮಾವ, ನೀವ್ ಬೆಳಿಗ್ಗೆ ಹೇಳದ್ದ್ ಒಂದ್, ಈಗ ಹೇಳುದ್ ಒಂದ್. ಸಣ್ಣ ಕಣ ನೀರನ್ನ ತಡೆತ್ತ್ ಅಂದ್ರಿ. ಈಗ ಸಣ್ಣ ಕಣ ದಾರಿ ಮಾಡ್ತ್ ಅಂತ್ರಿ. ಎಂತದ್ ಸರಿ?”

ಮೂವತ್ತು ವರ್ಷ ಪಾಠ ಮಾಡಿದವನಿಗೆ ಇಂಥ ಪ್ರಶ್ನೆ ವರ್ಷಕ್ಕೊಂದು ಸಿಕ್ಕಿದರೆ ಹೆಚ್ಚು. ತೆರೆ ಬಂದು ಕಾಲು ತೋಯಿಸಿ ಹೋಗುವವರೆಗೆ ಸುಮ್ಮನೆ ನಿಂತೆ. ಆಮೇಲೆ ಒದ್ದೆ ಹೊಯಿಗೆಯ ಮೇಲೇ ಲೆಕ್ಕ ಬರೆದು ತೋರಿಸಿದೆ. ಬಂಡೆಯ ಮೂಲಕ ದ್ರವ ಹಾಯುವ ಸುಲಭವನ್ನು ಅಳೆಯುವ ಮಾನ ಡಾರ್ಸಿ. ಇಪ್ಪತ್ತು ಮೈಕ್ರಾನಿನ ದುಂಡು ಕಣಗಳನ್ನು ಸಡಿಲವಾಗಿ ತುಂಬಿದರೆ ಅದು ಸುಮಾರು ಅರ್ಧ ಡಾರ್ಸಿಗಿಂತ ತುಸು ಕಡಿಮೆ. ಅರ್ಧ ಮಿಲಿಮೀಟರಿನ ಹೊಯಿಗೆಯ ಮುಂದೆ ಇದು ಏನೇನೂ ಅಲ್ಲ, ಆರುನೂರು ಪಾಲು ಕಡಿಮೆ. ಆದರೆ ಸುತ್ತಲಿನ ಬಂಡೆಯನ್ನು ನೋಡಬೇಕು. ಬಿಗಿ ಅನಿಲ ಬಂಡೆ ಎಂದರೆ ಡಾರ್ಸಿಯ ಹತ್ತು ಸಾವಿರದ ಒಂದು ಪಾಲಿಗಿಂತ ಕಡಿಮೆ ಇರುವಂಥದು. ಶೇಲ್ ಎಂಬ ಪದರುಗಲ್ಲು ಅದಕ್ಕಿಂತಲೂ ಸಾವಿರ ಪಾಲು ಬಿಗಿ ಇರಬಹುದು. ಆಳದ ಒತ್ತಡದಲ್ಲಿ ಕಣಗಳು ಅಮುಕಿ ದಾರಿ ಇನ್ನಷ್ಟು ಕಿರಿದಾಗುತ್ತದೆ, ನಿಜ. ಆದರೂ ಆ ಬಂಡೆಯೊಳಗೆ ಸಿಕ್ಕ ಅನಿಲಕ್ಕೆ ಈ ಕಿರುದಾರಿ ನಾಲ್ಕು ಪಥದ ಹೆದ್ದಾರಿಯೇ. ಮಲ್ಯಾಡಿಯ ಆವೆಮಣ್ಣು ನೀರು ತಡೆಯುವಂತೆ ಕಾಣುವುದು ಕೊಮೆಯ ಹೊಯಿಗೆಯ ಪಕ್ಕದಲ್ಲಿಟ್ಟಾಗ.

ಆವೆಮಣ್ಣನ್ನೇ ಹಾಕಬಹುದಲ್ಲ ಎಂದಳು. ಆಗದು. ಅದರ ಕಣಗಳು ದುಂಡಗಿಲ್ಲ, ಇಸ್ಪೀಟೆಲೆಗಳಂತೆ ಚಪ್ಪಟೆ. ಒಂದರ ಮೇಲೊಂದು ಮಲಗಿ ಸಂದೇ ಉಳಿಸುವುದಿಲ್ಲ, ಭಾರ ಬಿದ್ದರೆ ಜಾರುತ್ತವೆ. ಆಸರೆಕಣ ದುಂಡಗಿರಬೇಕು, ಗಟ್ಟಿಯಿರಬೇಕು, ಒಂದಕ್ಕೊಂದು ಅಂಟಬಾರದು. ಇನ್ನೊಂದು ಸ್ವಾರಸ್ಯವೂ ಇದೆ. ಕಿರುಬಿರುಕಿನಲ್ಲಿ ಕಣಗಳು ಒತ್ತಾಗಿ ತುಂಬಲೇಬೇಕೆಂದಿಲ್ಲ. ಅಲ್ಲೊಂದು ಇಲ್ಲೊಂದು ಕಂಬದಂತೆ ನಿಂತರೂ ಆದೀತು, ನಡುವಿನ ಖಾಲಿ ಜಾಗದಲ್ಲಿ ಅನಿಲ ಆರಾಮವಾಗಿ ಹರಿಯುತ್ತದೆ. ಚಪ್ಪರಕ್ಕೆ ಕಂಬ ಹಾಕುವಾಗ ಅಂಗಳದ ತುಂಬ ಯಾರೂ ಕಂಬ ಹುಗಿಯುವುದಿಲ್ಲವಷ್ಟೆ.

ದೂರ ಹೋಗುವ ಗುಣವೂ ಸಣ್ಣ ಕಣಕ್ಕೇ ಹೆಚ್ಚು. ಇದನ್ನು ಮನೆಯಲ್ಲೇ ನೋಡಬಹುದು. ಆ ರಾತ್ರಿ ಅಕ್ಕನ ಉಪ್ಪಿನಕಾಯಿಯ ಗಾಜಿನ ಭರಣಿಯೊಂದನ್ನು ಖಾಲಿ ಮಾಡಿಸಿ (“ನಿನ್ ಪಾಠಕ್ಕೆ ನನ್ ಭರಣಿಯೇ ಬೇಕಾಯ್ತಾ?”) ನೀರು ತುಂಬಿ, ಕೊಮೆಯ ಹೊಯಿಗೆ ಮತ್ತು ಮಲ್ಯಾಡಿಯ ಆವೆಮಣ್ಣು ಎರಡನ್ನೂ ಹಾಕಿ ಕಲಕಿದೆವು. ನೀರಿನಲ್ಲಿ ಸಣ್ಣ ಕಣ ಮುಳುಗುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣ ಎಂಬ ನಿಯಮವನ್ನು 1851ರಲ್ಲಿ ಸ್ಟೋಕ್ಸ್ ಎಂಬ ವಿಜ್ಞಾನಿ ಕೊಟ್ಟ. ಇಪ್ಪತ್ತು ಸೆಂಟಿಮೀಟರು ಎತ್ತರದ ನೀರಿನಲ್ಲಿ 200 ಮೈಕ್ರಾನಿನ ಹೊಯಿಗೆ ತಳ ಸೇರಲು ಏಳೆಂಟು ಸೆಕೆಂಡು ಸಾಕು. 20 ಮೈಕ್ರಾನಿನ ಕಣಕ್ಕೆ ಸುಮಾರು ಎಂಟು ನಿಮಿಷ. ಎರಡು ಮೈಕ್ರಾನಿನದಕ್ಕೆ ಹದಿನಾಲ್ಕು ಗಂಟೆ. (ಹೊಯಿಗೆಯ ಗಾತ್ರಕ್ಕೆ ಸ್ಟೋಕ್ಸನ ಸೂತ್ರ ಪೂರ್ತಿ ಹೊಂದುವುದಿಲ್ಲ, ಅದು ನಿಧಾನವಾಗಿ ಮುಳುಗುವ ಕಣಗಳಿಗೆ ಮಾತ್ರ. ಪರೀಕ್ಷೆಯಲ್ಲಿ ಬರೆಯುವವರು ಗಮನಿಸಿ.) ದೊಡ್ಡ ಹೊಯಿಗೆಯನ್ನು ಬಿರುಕಿನ ತುದಿಯವರೆಗೆ ಒಯ್ಯಲು ನೀರನ್ನು ಅಂಟಂಟು ಮಾಡಬೇಕು, ಜೋರಾಗಿ ಒತ್ತಬೇಕು. ಇಪ್ಪತ್ತು ಮೈಕ್ರಾನಿನ ಕಣ ಬರಿಯ ನೀರಿನೊಡನೆಯೇ ದೂರ ತೇಲಿ ಹೋಗುತ್ತದೆ.

ಈ ತೇಲುವ ಗುಣವೇ ಗಾಳಿಯಲ್ಲಿ ಶಾಪವಾಗುತ್ತದೆ. ಅಳಿಯನಿಗೆ ನಾನು ಫೋನಿನಲ್ಲಿ ಮೊದಲು ಕೇಳಿದ್ದು ಮೂಗಿಗೆ ಏನು ಕಟ್ಟಿಕೊಳ್ಳುತ್ತೀ ಎಂದು. ಹೊಯಿಗೆಯ ನಯವಾದ ಧೂಳು, ಅದರಲ್ಲೂ ಐದು ಮೈಕ್ರಾನಿಗಿಂತ ಕೆಳಗಿನದು, ಶ್ವಾಸಕೋಶದ ತಳಕ್ಕಿಳಿದು ಅಲ್ಲೇ ಗಾಯ ಮಾಡಿ ಕೂರುತ್ತದೆ. ಸಿಲಿಕೋಸಿಸ್ ಎಂಬ ಆ ಕಾಯಿಲೆಗೆ ವಾಸಿ ಮಾಡುವ ಮದ್ದಿಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದು ಈ ಕೆಮ್ಮನ್ನು ಮನೆಗೆ ಹೊತ್ತು ತಂದವರು ಎಷ್ಟೋ ಮಂದಿ. ಅಮೆರಿಕದಲ್ಲಿ ಬಾವಿ ಸೀಳುವ ಜಾಗಗಳಲ್ಲಿ ಹೊಯಿಗೆ ಸುರಿಯುವ ಕೆಲಸಗಾರರಿಗೆ ಇದೇ ಅಪಾಯವಿದೆಯೆಂದು ಅಲ್ಲಿಯ ಸರ್ಕಾರಿ ಸಂಸ್ಥೆಗಳು 2012ರಲ್ಲಿ ಎಚ್ಚರಿಕೆ ಕೊಟ್ಟವು. ಕಣವನ್ನು ಬೇಕೆಂದೇ ಸಣ್ಣದು ಮಾಡುವಾಗ ಈ ಎಚ್ಚರ ಇಮ್ಮಡಿ ಆಗಬೇಕು: ಒಣಪುಡಿ ಸುರಿಯದೆ ನೀರಿನಲ್ಲಿ ಕಲಸಿಯೇ ತರುವುದು, ಹೊಯಿಗೆಯ ಬದಲು ಪಿಂಗಾಣಿ ಗೋಲಿ ಬಳಸುವುದು. ಅಳಿಯ “ಮಾಸ್ಕ್ ಹಾಕ್ತೇನೆ ಮಾವ” ಎಂದ. ಅಕ್ಕ ಫೋನು ಕಸಿದುಕೊಂಡು ಎರಡು ಸಲ ಆಣೆ ಮಾಡಿಸಿಕೊಂಡಳು. ನೀರು ಹಾಳು ಮಾಡುತ್ತದೆ ಎಂಬ ಕಾರಣಕ್ಕೆ 2011ರಲ್ಲಿ ಫ್ರಾನ್ಸ್ ದೇಶ ಎಣ್ಣೆ, ಅನಿಲಕ್ಕಾಗಿ ಹೀಗೆ ಬಂಡೆ ಸೀಳುವುದನ್ನೇ ನಿಷೇಧಿಸಿದೆ ಎಂಬುದನ್ನು ಆಕೆಗೆ ಹೇಳಲಿಲ್ಲ, ಮಗನ ಕೆಲಸದ ಚಿಂತೆಯೂ ಹತ್ತೀತೆಂದು.

ವಿಚಿತ್ರವೆಂದರೆ ನಮ್ಮ ಜಿಲ್ಲೆಯಲ್ಲೇ ಇದಕ್ಕೆ ತದ್ವಿರುದ್ಧದ ಕೆಲಸವೂ ನಡೆದಿದೆ. ಕಾಪು ಬಳಿಯ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ ದೇಶದ ಆಪತ್ಕಾಲಕ್ಕೆಂದು 25 ಲಕ್ಷ ಟನ್ ಕಚ್ಚಾ ಎಣ್ಣೆ ತುಂಬಿಡುವ ವ್ಯವಸ್ಥೆಯಿದೆ. ಅಲ್ಲಿ ಬಿರುಕು ಬೇಡ. ಸುತ್ತಲಿನ ಬಂಡೆಯ ಸಂದುಗಳಲ್ಲಿ ಸದಾ ನೀರು ತುಂಬಿಟ್ಟು, ಆ ನೀರಿನ ಒತ್ತಡದಿಂದಲೇ ಎಣ್ಣೆ ಹೊರಗೆ ಸೋರದಂತೆ ತಡೆಯುತ್ತಾರೆ.

ಭಾವನ ಬೋರಿನ ವಿಷಯ ಮೂರನೆಯ ದಿನ ಇತ್ಯರ್ಥವಾಯಿತು. ಸಣ್ಣ ಕಣ ತರಿಸಿ ಹಾಕುವುದು ನಮ್ಮ ಅಳತೆಯ ಕೆಲಸವಲ್ಲ, ಅದು ಮೂರು ಸಾವಿರ ಮೀಟರಿನ ಬಾವಿಗಳ ಬಾಬತ್ತು. ಮತ್ತೊಮ್ಮೆ ಸೀಳಿಸಲು ನನಗೆ ಧೈರ್ಯ ಬರಲಿಲ್ಲ. ಕಡಲು ಇರುವುದು ಹೆದ್ದಾರಿಯ ಆಚೆಗೆ. ಹೊಯಿಗೆ ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟದಿಂದ ಒಂದು ಮೀಟರು ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು ನಲವತ್ತು ಮೀಟರು ಸಿಹಿನೀರು ಎಂದು ಲೆಕ್ಕ. ಮೇಲಿನ ಒಂದು ಮೀಟರು ಹೀರಿದರೆ ಕೆಳಗಿನ ನಲವತ್ತೂ ಹೋಯಿತು. ಬಂಡೆಯ ಬಿರುಕುಗಳಿಗೆ ಈ ಲೆಕ್ಕ ಸರಿಯಾಗಿ ಹೊಂದದಿದ್ದರೂ, ಹೊಸ ಬಿರುಕು ಯಾವ ದಿಕ್ಕಿಗೆ ಓಡುತ್ತದೆಂದು ಮೇಲಿನಿಂದ ಹೇಳಲಾಗದು. ಅದು ನೆರೆಮನೆಯವರ ಬಾವಿಯ ಅಡಿಗೂ ಹೋದೀತು. ಕಳೆದ ವರ್ಷ ನಮ್ಮ ಬಕೆಟಿಗೆ ಹೆಚ್ಚು ಬಂದ ನೀರು ಎಲ್ಲಿಂದ ಬಂತು ಎಂದು ನಾನು ಆಗ ಕೇಳಿರಲಿಲ್ಲ. ಈ ಸಲ ಅಕ್ಕನೇ ಕೇಳಿದಳು. ಪಕ್ಕದ ಮನೆಯ ಬಾವಿ ಈ ವರ್ಷ ಹದಿನೈದು ದಿನ ಮುಂಚೆ ತಳ ಕಂಡಿದೆಯಂತೆ. ಅದಕ್ಕೂ ನಮ್ಮ ಬೋರಿಗೂ ಸಂಬಂಧವಿದೆಯೋ ಇಲ್ಲವೋ, ಭಾವ ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕೊನೆಗೆ ಅವರೇ ಎದ್ದು ಮಾಡನ್ನು ನೋಡಿದರು. ಹಂಚಿನ ಮಾಡು, ವಿಸ್ತಾರ ನೂರು ಚದರ ಮೀಟರಿಗೆ ಕಮ್ಮಿಯಿಲ್ಲ. ವರ್ಷಕ್ಕೆ ನಾಲ್ಕು ಮೀಟರು ಮಳೆ ಎಂದರೆ ಅದರ ಮೇಲೆ ಬೀಳುವುದು ನಾಲ್ಕು ಲಕ್ಷ ಲೀಟರು. ಅದೆಲ್ಲ ಈಗ ತೋಡಿಗೆ ಹೋಗುತ್ತಿದೆ. ದೋಣಿ ಕಟ್ಟಿ ಹಳೆಯ ತೆರೆದ ಬಾವಿಯ ಪಕ್ಕದ ಗುಂಡಿಗೆ ಇಳಿಸುವುದೆಂದು ನಿಶ್ಚಯವಾಯಿತು. ಗುಂಡಿಯಲ್ಲಿ ತಳಕ್ಕೆ ದೊಡ್ಡ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಹೊಯಿಗೆ. ಬೋರಿನೊಳಕ್ಕೇ ನೇರ ಬಿಡಬಾರದೇ ಎಂದರು. ಬೇಡ ಎಂದೆ. ಕದಡಿದ ನೀರಿನ ಕೆಸರು ಒಮ್ಮೆ ಬಿರುಕಿಗೆ ಇಳಿದರೆ ತೆಗೆಯುವವರಿಲ್ಲ. ಮೊದಲ ಎರಡು ಮಳೆಯ ನೀರನ್ನು ಹೊರಗೇ ಬಿಟ್ಟು, ಮಾಡು ತೊಳೆದ ಮೇಲೆ ಗುಂಡಿಗೆ ತಿರುಗಿಸಬೇಕು. ನೆರೆಮನೆಯವರ ಮಾಡಿನ ನೀರೂ ಅದೇ ಗುಂಡಿಗೆ ಬರಲಿ ಎಂದು ಅಕ್ಕ ಬೇಲಿಯ ಹತ್ತಿರ ಹೋಗಿ ಮಾತಾಡಿ ಬಂದಳು.

ನಾಲ್ಕನೆಯ ದಿನ ಬೆಳಿಗ್ಗೆ ಚೀಲ ಎತ್ತಿಕೊಂಡು ಹೊರಟಾಗ ಹುಡುಗಿ ಭರಣಿಯನ್ನು ಜಗಲಿಗೆ ತಂದು ತೋರಿಸಿದಳು. ಎರಡನೆಯ ಸಲ ಕಲಕಿಟ್ಟು ರಾತ್ರಿಯಿಡೀ ಬಿಟ್ಟಿದ್ದಳು. ತಳದಲ್ಲಿ ಹೊಯಿಗೆ, ಅದರ ಮೇಲೆ ಕಂದು ನುಣುಪಿನ ಒಂದು ಪದರು, ಮೇಲೆ ಇನ್ನೂ ಹಾಲಿನ ಹಾಗೆ ಮಬ್ಬು ನೀರು. ಗಾಜಿನ ಮೇಲೆ ಗಂಟೆ ಗಂಟೆಗೂ ಪೆನ್ನಿನಿಂದ ಗೀಟು ಹಾಕಿ ಪಕ್ಕದಲ್ಲಿ ಸಮಯ ಬರೆದಿದ್ದಳು. ಹನ್ನೊಂದು ಗಂಟೆಯ ಮೇಲೆ ಗೀಟುಗಳಿರಲಿಲ್ಲ, ನಿದ್ದೆ ಬಂದಿರಬೇಕು.

“ಹದಿನಾಲ್ಕ್ ಗಂಟೆ ಅಂದಿರಿ, ಇನ್ನೂ ತಿಳಿ ಆಯ್ಲಿಲ್ಲೆ” ಎಂದಳು.

ಎರಡು ಮೈಕ್ರಾನಿಗಿಂತಲೂ ಸಣ್ಣವು ಅದರಲ್ಲಿ ಇವೆ ಎಂದೆ. ಎಷ್ಟು ಸಣ್ಣ ಎಂದು ಈ ಗೀಟುಗಳಿಂದಲೇ ಲೆಕ್ಕ ಹಾಕಬಹುದು, ಹಾಕಿ ಕಾಗದ ಬರೆ ಎಂದು ಹೇಳಿ ಹೆದ್ದಾರಿಯ ಕಡೆ ನಡೆದೆ. ಹಿಂದಿನಿಂದ ಅಕ್ಕನ ದನಿ ಕೇಳಿಸುತ್ತಿತ್ತು, ಮಾವಿನಮಿಡಿ ಬಂದಿದೆ, ಭರಣಿ ಯಾವಾಗ ಖಾಲಿಯಾಗುತ್ತದೆ ಎಂದು.